ಯಂತ್ರ ಬರೆದ ಪುಸ್ತಕಕ್ಕೆ ಹೊಣೆ ಯಾರು? ನಿಮ್ಮ ಅಂಗಡಿ ಕಂದಾಯಕ್ಕೂ ಇದಕ್ಕೂ ಸಂಬಂಧ ಇದೆ

ಹಾಸನ: 2025ರ ಮೇ 20ರಂದು ಲಂಡನ್‌ನಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಹೆಸರು ಕೂಗಿದರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಕಥೆಗಳ ಪುಸ್ತಕ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಬೂಕರ್. ಸಣ್ಣ ಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದೂ ಅದೇ ಮೊದಲು. ಜಿಲ್ಲೆಯಲ್ಲೆಲ್ಲ ಫ್ಲೆಕ್ಸ್ ಬಿದ್ದವು, ಸನ್ಮಾನ ನಡೆದವು, ಅದು ನಿಮಗೆಲ್ಲ ಗೊತ್ತಿರೋದೇ.

ಅದೇ ವಾರ ಅಮೆರಿಕದಲ್ಲಿ ಇನ್ನೊಂದು ಸುದ್ದಿ ಓಡ್ತಿತ್ತು. ‘ಷಿಕಾಗೋ ಸನ್-ಟೈಮ್ಸ್’ ಪತ್ರಿಕೆ ತನ್ನ ಪುರವಣಿಯಲ್ಲಿ ಬೇಸಿಗೆ ರಜೆಗೆ ಓದಬೇಕಾದ 15 ಪುಸ್ತಕಗಳ ಪಟ್ಟಿ ಹಾಕಿತ್ತು. ಲೇಖಕರ ಹೆಸರೆಲ್ಲ ನಿಜ. ಆದರೆ 10 ಪುಸ್ತಕಗಳು ಲೋಕದಲ್ಲೇ ಇರಲಿಲ್ಲ! ಪುರವಣಿಯನ್ನ ಹೊರಗಿನ ಸಂಸ್ಥೆಯೊಂದು ತಯಾರಿಸಿ ಕೊಟ್ಟಿತ್ತು. ಪಟ್ಟಿ ಬರೆದಾತ ಎಐ ಹತ್ತಿರ ಕೇಳಿ, ಅದು ಕೊಟ್ಟಿದ್ದನ್ನ ಪರಿಶೀಲಿಸದೆ ಕಳಿಸಿಬಿಟ್ಟಿದ್ದ. ಪತ್ರಿಕೆಯಲ್ಲೂ ಯಾರೂ ನೋಡಲಿಲ್ಲ. ಅಚ್ಚಾಗಿ ಮನೆಮನೆಗೆ ಹೋಯ್ತು.

ಒಂದು ಕಡೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬರೆದ ಕಥೆಗಳಿಗೆ ಮರ್ಯಾದೆ. ಇನ್ನೊಂದು ಕಡೆ ಇಲ್ಲದ ಪುಸ್ತಕಕ್ಕೆ ಪ್ರಚಾರ. ಪುಸ್ತಕದ ಲೋಕ ಈಗ ಈ ಎರಡರ ಮಧ್ಯೆ ನಿಂತಿದೆ. ಇದು ಸಾಹಿತಿಗಳ ವಿಚಾರ, ನಮಗ್ಯಾಕೆ ಅಂತ ಅಂಗಡಿ ಗಲ್ಲಾದಲ್ಲಿ ಕೂತವರು ಕೇಳಬಹುದು. ಅಲ್ಲಿಂದಲೇ ಶುರು ಮಾಡೋಣ.

ರಸೀದಿಯಲ್ಲಿರೋ ಗ್ರಂಥಾಲಯ ಸೆಸ್

ನಿಮ್ಮ ಅಂಗಡಿದೋ ಮನೆದೋ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಸೆಸ್ ಅಂತ ಒಂದು ಸಾಲು ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಪ್ರಕಾರ ಕಟ್ಟಡ ಮತ್ತು ಜಾಗದ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯಕ್ಕೆ ಹೋಗಬೇಕು. 5 ಸಾವಿರ ಕಂದಾಯ ಕಟ್ಟೋ ಅಂಗಡಿ ಅಂದ್ರೆ 300 ರೂಪಾಯಿ. ವಸೂಲಿ ಮಾಡಿದ ಈ ದುಡ್ಡನ್ನ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಸರಿಯಾಗಿ ದಾಟಿಸಲ್ಲ ಅನ್ನೋ ದೂರು ಹಳೇದು, ಅದು ಬೇರೆ ಜಗಳ.

ಈ ದುಡ್ಡಿಗೂ ಕನ್ನಡ ಪುಸ್ತಕಕ್ಕೂ ನೇರ ನಂಟು ಇದೆ. ಕನ್ನಡದಲ್ಲಿ ಹೆಚ್ಚಿನ ಪುಸ್ತಕಗಳು ಅಚ್ಚಾಗೋದು ಐನೂರು, ಸಾವಿರ ಪ್ರತಿ. ಅಂಗಡಿಯಲ್ಲಿ ಖರ್ಚಾಗೋದು ನಿಧಾನ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆ ಆದ್ರೆ ಮಾತ್ರ ಸಣ್ಣ ಪ್ರಕಾಶಕನ ಕೈಗೆ ಹಾಕಿದ ಬಂಡವಾಳ ಬರುತ್ತೆ. ಆ ಖರೀದಿಯಲ್ಲಿ ಬೆಲೆ ಲೆಕ್ಕ ಹಾಕೋದು ಪುಟದ ಮೇಲೆ.

ಪುಟದ ಮೇಲೆ ದುಡ್ಡು ಅನ್ನೋದನ್ನ ಸ್ವಲ್ಪ ಯೋಚನೆ ಮಾಡಿ. ಮನುಷ್ಯ 200 ಪುಟ ಬರೆಯೋಕೆ ವರ್ಷ ತಗೋತಾನೆ. ಯಂತ್ರಕ್ಕೆ ಒಂದು ಮಧ್ಯಾಹ್ನ ಸಾಕು. ಬರೆಯೋ ಖರ್ಚು ಸೊನ್ನೆಗೆ ಇಳಿದಾಗ, ಪುಟ ಎಣಿಸಿ ದುಡ್ಡು ಕೊಡೋ ವ್ಯವಸ್ಥೆಗೆ ಪುಟಗಳನ್ನ ತುಂಬಿಸೋಕೆ ಜನ ಬಂದೇ ಬರ್ತಾರೆ. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಈಗಾಗಲೇ ಅಂಥ ಪುಸ್ತಕ ಕೂತಿವೆ ಅಂತ ಈ ವರದಿ ಹೇಳ್ತಿಲ್ಲ. ಬಾಗಿಲು ತೆರೆದಿದೆ ಅಂತ ಮಾತ್ರ ಹೇಳ್ತಿದೆ. ಬಾಗಿಲು ತೆರೆದಿದ್ದ ಬೇರೆ ಕಡೆ ಏನಾಯ್ತು ನೋಡಿ.

ಒಂದೇ ತಿಂಗಳಲ್ಲಿ 500 ಕಥೆ

‘ಕ್ಲಾರ್ಕ್ಸ್‌ವರ್ಲ್ಡ್’ ಅನ್ನೋದು ಅಮೆರಿಕದ ವೈಜ್ಞಾನಿಕ ಕಥೆಗಳ ಮಾಸಪತ್ರಿಕೆ. ಹೊಸಬರೂ ಕಥೆ ಕಳಿಸಬಹುದು, ಆಯ್ಕೆಯಾದ್ರೆ ಪದದ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ. 2023ರ ಫೆಬ್ರವರಿಯಲ್ಲಿ ತಿಂಗಳು ಮುಗಿಯೋ ಮೊದಲೇ ಯಂತ್ರದಿಂದ ಬರೆಸಿದ ಸುಮಾರು 500 ಕಥೆ ಬಂದು ಬಿದ್ದವು. ಮನುಷ್ಯರು ಬರೆದದ್ದು ಸುಮಾರು 700. ಸಂಪಾದಕ ನೀಲ್ ಕ್ಲಾರ್ಕ್ ಕಥೆ ತಗೊಳ್ಳೋದನ್ನೇ ನಿಲ್ಲಿಸಿದರು. ತಡೆಗೆ ಹೊಸ ವ್ಯವಸ್ಥೆ ಮಾಡ್ಕೊಂಡು ಮುಂದಿನ ತಿಂಗಳು ಮತ್ತೆ ತೆರೆದರು. ಯಂತ್ರದ ಕಥೆಗಳು ಚೆನ್ನಾಗೇನೂ ಇರಲಿಲ್ಲ, ಆಯ್ಕೆ ಆಗೋ ಪ್ರಶ್ನೆಯೂ ಇರಲಿಲ್ಲ. ತೊಂದರೆ ಆಗಿದ್ದು ರಾಶಿಯಿಂದ. ನಿಜವಾಗಿ ಬರೆಯೋ ಹೊಸ ಹುಡುಗ ಹುಡುಗಿಯರ ಕಥೆ ಆ ರಾಶಿಯ ಅಡಿಗೆ ಸಿಕ್ಕಿಕೊಂಡಿತು.

ಅಮೆಜಾನ್‌ನಲ್ಲಿ ಯಾರು ಬೇಕಾದರೂ ತಮ್ಮ ಪುಸ್ತಕ ಹಾಕಿ ಮಾರಬಹುದು. 2023ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ ಒಂದು ನಿಯಮ ತಂತು: ಒಬ್ಬ ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕ ಹಾಕೋ ಹಾಗಿಲ್ಲ. ದಿನಕ್ಕೆ ಮೂರು! ಎಐ ಬಳಸಿ ಬರೆಸಿದ್ರೆ ಕಂಪನಿಗೆ ತಿಳಿಸಬೇಕು ಅಂತಲೂ ಹೇಳ್ತು. ಆದರೆ ಆ ಮಾಹಿತಿ ಕೊಳ್ಳೋ ಓದುಗನಿಗೆ ತೋರಿಸೋದಿಲ್ಲ.

ಅದಕ್ಕೆ ಒಂದು ತಿಂಗಳು ಮೊದಲು ಜೇನ್ ಫ್ರೀಡ್ಮನ್ ಅನ್ನೋ ಲೇಖಕಿ ತಮ್ಮದೇ ಹೆಸರಲ್ಲಿ ತಾವು ಬರೆಯದ ಪುಸ್ತಕಗಳು ಅಮೆಜಾನ್‌ನಲ್ಲಿ ಮಾರಾಟಕ್ಕಿರೋದನ್ನ ಕಂಡರು. ತೆಗೆಯಿರಿ ಅಂದ್ರೆ, ನಿಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ಇದೆಯಾ ಅಂತ ಕೇಳಿದರಂತೆ. ಗಲಾಟೆ ದೊಡ್ಡದಾದ ಮೇಲೆ ತೆಗೆದರು.

ಇನ್ನೊಂದು ಸಂಗತಿ ಸಕಲೇಶಪುರ, ಆಲೂರು ಕಡೆಯವರಿಗೆ ಬೇಗ ಅರ್ಥ ಆಗುತ್ತೆ. 2023ರಲ್ಲೇ ಕಾಡು ಅಣಬೆ ಗುರುತಿಸೋದು ಹೇಗೆ ಅಂತ ಹೇಳೋ, ಯಂತ್ರ ಬರೆದದ್ದು ಅನ್ನೋ ಅನುಮಾನ ಇರೋ ಪುಸ್ತಕಗಳು ಮಾರಾಟಕ್ಕೆ ಬಂದವು. ನ್ಯೂಯಾರ್ಕಿನ ಅಣಬೆ ತಜ್ಞರ ಸಂಘ, ಗೊತ್ತಿರೋ ಲೇಖಕರ ಪುಸ್ತಕ ಮಾತ್ರ ಕೊಳ್ಳಿ, ಇದು ಜೀವದ ಪ್ರಶ್ನೆ ಅಂತ ಎಚ್ಚರಿಕೆ ಕೊಡಬೇಕಾಯ್ತು. ಮಳೆ ಬಿದ್ದ ಮೇಲೆ ಅಣಬೆ ಕೀಳೋ ನಮ್ಮ ಮಲೆನಾಡಿನ ಅಜ್ಜಿ, ಯಾವುದು ತಿನ್ನೋದು, ಯಾವುದು ವಿಷ ಅಂತ ಹೇಳೋವಾಗ ಆ ಮಾತಿಗೆ ಜವಾಬ್ದಾರಿ ತಗೊಂಡು ಹೇಳ್ತಾಳೆ. ತಾನೂ ಅದನ್ನೇ ತಿಂತಾಳೆ. ಯಂತ್ರ ತಿನ್ನಲ್ಲ.

ನಮ್ಮ ಬಸ್ ಸ್ಟ್ಯಾಂಡ್ ಪುಸ್ತಕದ ಅಂಗಡಿಯಲ್ಲಿ ಕಥೆ ಕಾದಂಬರಿಗಿಂತ ಜಾಸ್ತಿ ಖರ್ಚಾಗೋದು ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಗೈಡುಗಳು, ಮನೆಮದ್ದಿನ ಪುಸ್ತಕಗಳು. ತಪ್ಪು ಇಸವಿ, ಇಲ್ಲದ ಕಾಯ್ದೆ, ಅಳತೆ ತಪ್ಪಿದ ಕಷಾಯ ಬಂದು ಕೂರೋಕೆ ಅದಕ್ಕಿಂತ ಸುಲಭದ ಜಾಗ ಇಲ್ಲ. ಅರ್ಧ ಅಂಕದಲ್ಲಿ ಕೆಲಸ ಕಳ್ಕೊಳ್ಳೋ ಹುಡುಗರು ಪ್ರತಿ ಊರಲ್ಲೂ ಇದ್ದಾರೆ.

ಯಂತ್ರ ಕಲಿತದ್ದು ಯಾರ ಪುಸ್ತಕದಿಂದ?

ಎಐಗೆ ಭಾಷೆ ಬಂದಿದ್ದು ಕೋಟ್ಯಂತರ ಪುಟ ಓದಿಸಿದ್ದರಿಂದ. ಆ ಪುಟ ಬರೆದವರು ಮನುಷ್ಯರು. ಅವರನ್ನ ಕೇಳಿದರಾ, ದುಡ್ಡು ಕೊಟ್ಟರಾ ಅನ್ನೋದೇ ಈಗ ಕೋರ್ಟುಗಳಲ್ಲಿರೋ ದೊಡ್ಡ ಪ್ರಶ್ನೆ.

‘ಕ್ಲಾಡ್’ ಅನ್ನೋ ಎಐ ತಯಾರಿಸೋ ಆಂತ್ರೊಪಿಕ್ ಕಂಪನಿ ಮೇಲೆ ಮೂವರು ಲೇಖಕರು 2024ರಲ್ಲಿ ಕೇಸ್ ಹಾಕಿದರು. 2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಜಡ್ಜ್ ವಿಲಿಯಂ ಆಲ್ಸಪ್ ತೀರ್ಪು ಕೊಟ್ಟರು. ಅದರಲ್ಲಿ ಎರಡು ಭಾಗ. ಪುಸ್ತಕದಿಂದ ಯಂತ್ರಕ್ಕೆ ಕಲಿಸೋದು ಅಲ್ಲಿನ ಕಾನೂನಿನ ಪ್ರಕಾರ ನ್ಯಾಯಯುತ ಬಳಕೆ. ಆದರೆ ಪೈರಸಿ ಜಾಲತಾಣಗಳಿಂದ 70 ಲಕ್ಷಕ್ಕೂ ಹೆಚ್ಚು ಪ್ರತಿ ಇಳಿಸಿ ಇಟ್ಟುಕೊಂಡಿದ್ದು ನ್ಯಾಯಯುತ ಅಲ್ಲ. ಕೊನೆಗೆ ಕಂಪನಿ 150 ಕೋಟಿ ಡಾಲರ್ ಕೊಡೋಕೆ ಒಪ್ಪಿ ರಾಜಿ ಮಾಡ್ಕೊಂಡಿತು. ನಮ್ಮ ಲೆಕ್ಕದಲ್ಲಿ ಸುಮಾರು 13 ಸಾವಿರ ಕೋಟಿ ರೂಪಾಯಿ. ಒಂದು ಪುಸ್ತಕಕ್ಕೆ ಸುಮಾರು 3 ಸಾವಿರ ಡಾಲರ್, ಅಂದ್ರೆ ಎರಡೂವರೆ ಲಕ್ಷದ ಮೇಲೆ.

ಕನ್ನಡದ ಲೇಖಕರು ಗಮನಿಸಬೇಕಾದ್ದು ಇಲ್ಲಿದೆ. ಆ ರಾಜಿಯಲ್ಲಿ ಪಾಲು ಸಿಗೋದು ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ಗಡುವಿನೊಳಗೆ ನೋಂದಣಿ ಆದ ಪುಸ್ತಕಗಳಿಗೆ ಮಾತ್ರ. ನಮ್ಮಲ್ಲಿ ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ, ಬರೆದ ಕ್ಷಣವೇ ಹಕ್ಕು ಬರುತ್ತೆ, ಲೇಖಕ ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. 1991ರಲ್ಲಿ ತೀರಿಕೊಂಡ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹದ ಹಕ್ಕು 2051ರವರೆಗೆ ನಡೆಯುತ್ತೆ. ಹಕ್ಕು ಇದ್ದೂ ಅಮೆರಿಕದ ಪಟ್ಟಿಯಲ್ಲಿ ಹೆಸರಿಲ್ಲದ ಕನ್ನಡ ಪುಸ್ತಕಕ್ಕೆ ಅಲ್ಲಿ ಒಂದು ಪೈಸೆಯೂ ಇಲ್ಲ. ಟೆಲಿಗ್ರಾಂ ಗುಂಪುಗಳಲ್ಲಿ ಕನ್ನಡ ಕಾದಂಬರಿಗಳ ಪಿಡಿಎಫ್ ಹೇಗೆ ಓಡಾಡ್ತವೆ ಅಂತ ನಿಮಗೂ ಗೊತ್ತು. ಫೋನ್‌ನಿಂದ ಫೋನ್‌ಗೆ ಹೋಗೋದು ಯಂತ್ರದ ಬಾಯಿಗೆ ಹೋಗಲ್ಲ ಅನ್ನೋಕೆ ಯಾವ ಧೈರ್ಯವೂ ಇಲ್ಲ.

ಕೇಳಿ ತಗೊಳ್ಳೋ ದಾರಿಯೂ ಇದೆ. 2024ರ ನವೆಂಬರ್‌ನಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ತನ್ನ ಕೆಲವು ಹಳೆ ಪುಸ್ತಕಗಳನ್ನ ಎಐ ಕಲಿಕೆಗೆ ಕೊಡೋ ಒಪ್ಪಂದ ಮಾಡ್ಕೊಂಡಿತು. ಲೇಖಕ ಒಪ್ಪಿದ್ರೆ ಮಾತ್ರ. ಪುಸ್ತಕಕ್ಕೆ 5 ಸಾವಿರ ಡಾಲರ್, ಲೇಖಕನಿಗೂ ಪ್ರಕಾಶಕನಿಗೂ ಅರ್ಧ ಅರ್ಧ, ಮೂರು ವರ್ಷಕ್ಕೆ.

ಭಾರತದಲ್ಲಿ ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರ್‌ನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯ್ತು. ಭಾರತೀಯ ಪ್ರಕಾಶಕರ ಒಕ್ಕೂಟವೂ ನಂತರ ಜೊತೆಗೆ ಸೇರಿಕೊಂಡಿತು. 2025ರ ಡಿಸೆಂಬರ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯದ ಸಮಿತಿ ಒಂದು ಪ್ರಸ್ತಾವ ಮುಂದಿಟ್ಟಿತು: ಕಾನೂನುಬದ್ಧವಾಗಿ ಸಿಕ್ಕ ಕೃತಿಗಳನ್ನ ಎಐ ಕಂಪನಿಗಳು ಬಳಸಲಿ, ಲೇಖಕರು ಬೇಡ ಅನ್ನೋ ಹಾಗಿಲ್ಲ, ಬದಲಿಗೆ ರಾಯಲ್ಟಿ ಕೊಡಲಿ. ಇದು ಜಾರಿಯಾದ್ರೆ ದುಡ್ಡು ಹಂಚೋದು ಪಟ್ಟಿಯಲ್ಲಿ ಇರೋರಿಗೆ. ಸಾಲ ಮಾಡಿ ಕವನ ಸಂಕಲನ ತಂದ ಹೊಳೆನರಸೀಪುರದ ಮೇಷ್ಟ್ರ ಹೆಸರು ಆ ಪಟ್ಟಿಗೆ ಹೇಗೆ ಸೇರುತ್ತೆ ಅಂತ ಈಗಲೇ ಕೇಳಬೇಕು.

ಯಂತ್ರದ ಕನ್ನಡ ಹೇಗಿದೆ?

ಈ ಲೇಖನಕ್ಕೋಸ್ಕರ ಒಂದು ಎಐ ಆ್ಯಪ್‌ಗೆ, ಅರಸೀಕೆರೆ ಸಂತೆಯಲ್ಲಿ ನಡೆಯೋ ಒಂದು ಕಥೆ ಬರಿ ಅಂದೆ. ಅರ್ಧ ನಿಮಿಷಕ್ಕೆ ಕೊಡ್ತು. ಕಾಗುಣಿತ ತಪ್ಪಿಲ್ಲ. ಒಬ್ಬ ಬಡ ರೈತ, ಅವನ ಪ್ರಾಮಾಣಿಕತೆ, ಒಬ್ಬ ಶ್ರೀಮಂತ ವ್ಯಾಪಾರಿ, ಕೊನೆಗೆ ನೀತಿ. ಕೊಬ್ಬರಿ ರೇಟಿನ ಮಾತಿಲ್ಲ, ತೂಕದಲ್ಲಿ ಮೋಸ ಇಲ್ಲ, ರೈಲಿನ ಸದ್ದಿಲ್ಲ. ಅರಸೀಕೆರೆ ತೆಗೆದು ರಾಯಚೂರು ಅಂತ ಹಾಕಿದ್ರೂ ಕಥೆ ಹಾಗೇ ನಡೆಯುತ್ತೆ. ಮಾತಾಡೋರೆಲ್ಲ ಆಕಾಶವಾಣಿ ವಾರ್ತೆ ಓದಿದ ಹಾಗೆ ಮಾತಾಡ್ತಾರೆ.

ಇದಕ್ಕೆ ಕಾರಣ ಇದೆ. ಯಂತ್ರ ತಾನು ನೋಡಿದ ರಾಶಿಯಲ್ಲಿ ಮುಂದೆ ಯಾವ ಪದ ಬರೋ ಸಾಧ್ಯತೆ ಹೆಚ್ಚು ಅಂತ ಲೆಕ್ಕ ಹಾಕಿ ಪದ ಜೋಡಿಸುತ್ತೆ. ಇಂಗ್ಲಿಷ್‌ಗೆ ಹೋಲಿಸಿದ್ರೆ ಇಂಟರ್‌ನೆಟ್‌ನಲ್ಲಿ ಕನ್ನಡ ತುಂಬಾ ಕಡಿಮೆ. ಅದರಲ್ಲೂ ಊರಿನ ಮಾತು ಇನ್ನೂ ಕಡಿಮೆ. ಹಾಗಾಗಿ ಎಲ್ಲರದ್ದೂ ಸೇರಿಸಿ ಯಾರದ್ದೂ ಅಲ್ಲದ ಒಂದು ಕನ್ನಡ ಹೊರಗೆ ಬರುತ್ತೆ.

ಒಳ್ಳೆ ಪುಸ್ತಕ ಬರೋದು ಈ ಲೆಕ್ಕಕ್ಕೆ ವಿರುದ್ಧ ದಿಕ್ಕಿನಿಂದ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ತಮ್ಮ ನಂಜನಗೂಡು ಕಡೆಯ ಆಡುಮಾತಲ್ಲಿ ಬರೆದರು. ಬೇರೆ ಕಡೆಯ ಕನ್ನಡಿಗರಿಗೂ ಓದೋಕೆ ಕಷ್ಟ ಆಗಿತ್ತು. ಹಾಗೆ ಬರೆಯೋ ‘ಸಾಧ್ಯತೆ ಹೆಚ್ಚು’ ಅಂತ ಯಾವ ಲೆಕ್ಕವೂ ಹೇಳ್ತಿರಲಿಲ್ಲ.

ಬಾನು ಮುಷ್ತಾಕ್ ಅವರದ್ದೂ ಹಾಗೇ. ಅವರು ಬಂಡಾಯ ಚಳವಳಿಯಿಂದ ಬಂದವರು, ‘ಲಂಕೇಶ್ ಪತ್ರಿಕೆ’ಗೆ ವರದಿ ಬರೆದವರು, ಇದೇ ಹಾಸನದಲ್ಲಿ ವಕೀಲಿಕೆ ಮಾಡಿದವರು. ಕಷ್ಟ ಹೇಳಿಕೊಂಡು ಬಂದ ಹೆಣ್ಣುಮಕ್ಕಳ ಬದುಕು ಅವರ ಕಥೆಗಳಲ್ಲಿದೆ. ಬರೆದದ್ದಕ್ಕೆ ವಿರೋಧ, ಬಹಿಷ್ಕಾರದ ಮಾತನ್ನೂ ಎದುರಿಸಿದರು, ಆದರೂ ಇದು ನನ್ನ ಮಾತು ಅಂತ ನಿಂತರು. ದೀಪಾ ಭಾಸ್ತಿ ಅನುವಾದದಲ್ಲಿ ಎಷ್ಟೋ ಕನ್ನಡ, ಉರ್ದು, ಅರೇಬಿಕ್ ಪದಗಳನ್ನ ಹಾಗೇ ಬಿಟ್ಟರು, ಅಡಿಟಿಪ್ಪಣಿ ಹಾಕಲಿಲ್ಲ. 50 ಸಾವಿರ ಪೌಂಡ್ ಬಹುಮಾನವನ್ನ ಇಬ್ಬರಿಗೂ ಸಮ ಪಾಲು ಮಾಡಿ ಕೊಟ್ಟರು. ಅನುವಾದ ಯಂತ್ರದ ಕೆಲಸ ಅಂತ ಪ್ರಕಾಶಕರು ಲೆಕ್ಕ ಹಾಕ್ತಿರೋ ಕಾಲದಲ್ಲಿ ಇದನ್ನ ನೆನಪಿಟ್ಟುಕೊಳ್ಳಬೇಕು.

ಬಳಸಲೇಬಾರದಾ?

ಹಾಗೇನಿಲ್ಲ. ಅಚ್ಚಿನ ಮೊಳೆ ಹೋಗಿ ಆಫ್‌ಸೆಟ್ ಬಂತು, ಆಮೇಲೆ ಡಿಟಿಪಿ ಬಂತು. ಮೊಳೆ ಜೋಡಿಸ್ತಿದ್ದವರ ಕೆಲಸ ಹೋಯ್ತು, ಪುಸ್ತಕ ಅಗ್ಗ ಆಯ್ತು, ಹೆಚ್ಚು ಜನ ಬರೆದರು. ಎಐ ಕೂಡ ಕಾಗುಣಿತ ತಿದ್ದೋಕೆ, ಹಳೆ ಪುಸ್ತಕ ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಇಳಿಸೋಕೆ, ಕಣ್ಣು ಕಾಣದವರಿಗೆ ಓದಿ ಹೇಳೋಕೆ ಬರುತ್ತೆ. ಅಂಗಡಿ ಕರಪತ್ರ, ಮದುವೆ ಕಾರ್ಡಿನ ಒಕ್ಕಣೆ ಬರೆಸಿಕೊಂಡ್ರೆ ಯಾರಿಗೂ ನಷ್ಟ ಇಲ್ಲ.

ಜಪಾನಿನ ಲೇಖಕಿ ರಿಯೆ ಕುದಾನ್ 2024ರ ಜನವರಿಯಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿ ಅಕುತಗಾವ ಗೆದ್ದಾಗ, ಕಾದಂಬರಿಯಲ್ಲಿ ಸುಮಾರು ಶೇ 5ರಷ್ಟು ಮಾತು ಚಾಟ್‌ಜಿಪಿಟಿಯದ್ದು ಅಂತ ತಾವೇ ಹೇಳಿದರು. ಕಾದಂಬರಿಯಲ್ಲೇ ಎಐ ಒಂದು ಪಾತ್ರ. ಚರ್ಚೆ ಆಯ್ತು, ಆದರೆ ಮೋಸ ಅಂತ ಆಗಲಿಲ್ಲ. ಹೇಳಿ ಮಾಡಿದ್ದಕ್ಕೂ ಮುಚ್ಚಿಟ್ಟು ಮಾಡಿದ್ದಕ್ಕೂ ಇರೋ ವ್ಯತ್ಯಾಸ ಇಷ್ಟೇ. ಡಾಲ್ಡಾನ ಡಾಲ್ಡಾ ಅಂತ ಚೀಟಿ ಅಂಟಿಸಿ ಮಾರಿದ್ರೆ ಅದು ವ್ಯಾಪಾರ. ತುಪ್ಪ ಅಂತ ಮಾರಿದ್ರೆ ಕಲಬೆರಕೆ. ಅಂಗಡಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಾನೂನು ಕೂಡ ಹೊಣೆಯ ಕಡೆಗೇ ಕೈ ತೋರಿಸುತ್ತೆ. 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ, ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದನ್ನ ಮಾಡಿಸಿದ ವ್ಯಕ್ತಿಯೇ ಕರ್ತೃ. ಅಮೆರಿಕದಲ್ಲಿ ಬರೀ ಯಂತ್ರ ಮಾಡಿದ ಕೃತಿಗೆ ಕಾಪಿರೈಟ್ ಇಲ್ಲ ಅಂತ ಅಲ್ಲಿನ ಮೇಲ್ಮನವಿ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ. ನಮ್ಮ ಸಾಲು ಇವತ್ತಿನ ಎಐ ಹುಟ್ಟೋ ಮುಂಚೆ ಬರೆದದ್ದು, ಅದರ ಅರ್ಥ ಕೋರ್ಟಿನಲ್ಲಿ ಇನ್ನೂ ತೇಲಬೇಕು. ಆದರೂ ಹೆಸರು ಹಾಕ್ಕೊಂಡವನು ತಪ್ಪಿಗೂ ತಲೆ ಕೊಡಬೇಕು ಅನ್ನೋದು ಸಾಮಾನ್ಯ ನ್ಯಾಯ.

ನಮ್ಮ ಕೈಲಿರೋದು

ಒಂದು, ಗ್ರಂಥಾಲಯ ಇಲಾಖೆ. ಸಗಟು ಖರೀದಿ ಅರ್ಜಿಯಲ್ಲಿ, ಈ ಪುಸ್ತಕದಲ್ಲಿ ಎಐ ಬರೆದ ಭಾಗ ಎಷ್ಟು ಅಂತ ಲೇಖಕ, ಪ್ರಕಾಶಕ ಇಬ್ಬರಿಂದಲೂ ಸಹಿ ಮಾಡಿಸಿದ ಘೋಷಣೆ ಕಡ್ಡಾಯ ಆಗಲಿ. ಸುಳ್ಳು ಅಂತ ಗೊತ್ತಾದ್ರೆ ದುಡ್ಡು ವಾಪಸ್, ಪಟ್ಟಿಯಿಂದ ಹೊರಗೆ. ಇದಕ್ಕೆ ದೊಡ್ಡ ಕಾನೂನೇನೂ ಬೇಡ, ಅರ್ಜಿಯಲ್ಲಿ ಒಂದು ಕಾಲಂ ಸಾಕು. ಸೆಸ್ ಕಟ್ಟೋ ವರ್ತಕರ ಸಂಘಗಳು ಒಂದು ಮನವಿ ಕೊಟ್ಟರೆ ಸಾಹಿತಿಗಳು ಕೊಟ್ಟದ್ದಕ್ಕಿಂತ ತೂಕ ಇರುತ್ತೆ, ಯಾಕಂದ್ರೆ ದುಡ್ಡು ಅವರದ್ದು. ಅಮೆರಿಕದ ಲೇಖಕರ ಸಂಘ 2025ರ ಜನವರಿಯಿಂದ ‘ಮನುಷ್ಯ ಬರೆದದ್ದು’ ಅಂತ ಪುಸ್ತಕಕ್ಕೆ ಮುದ್ರೆ ಕೊಡೋಕೆ ಶುರು ಮಾಡಿದೆ. ನಮ್ಮಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಯೋಚನೆ ಮಾಡಬಹುದು.

ಎರಡು, ಸ್ಪರ್ಧೆ ನಡೆಸೋರು. ದಸರಾ ಕವಿಗೋಷ್ಠಿ, ರಾಜ್ಯೋತ್ಸವ ಕಥಾ ಸ್ಪರ್ಧೆ, ಕಾಲೇಜು ಸಂಚಿಕೆ ಯಾವುದೇ ಆಗಲಿ, ಬಹುಮಾನ ಕೊಡೋ ಮುಂಚೆ ಬರೆದವರನ್ನ ಹತ್ತು ನಿಮಿಷ ಕೂರಿಸಿ ಅವರ ಕಥೆ ಬಗ್ಗೆ ಮಾತಾಡಿಸಿ. ಎಐ ಬರಹ ಪತ್ತೆ ಮಾಡ್ತೀವಿ ಅನ್ನೋ ಆ್ಯಪ್‌ಗಳನ್ನ ನೆಚ್ಚಿಕೊಂಡು ಯಾರನ್ನೂ ಕಳ್ಳ ಅನ್ನಬೇಡಿ, ಅವು ನಿಜ ಬರೆದವರನ್ನೂ ಹಿಡಿದು ಹಾಕ್ತವೆ.

ಮೂರು, ಗೈಡು ಕೊಳ್ಳೋ ಮಕ್ಕಳು, ಅಪ್ಪ ಅಮ್ಮಂದಿರು. ಲೇಖಕ ಯಾರು, ಪ್ರಕಾಶಕರ ವಿಳಾಸ, ಫೋನ್ ಇದೆಯಾ ನೋಡಿ. ಐಎಸ್‌ಬಿಎನ್ ನಂಬರ್ ಇದ್ದ ಮಾತ್ರಕ್ಕೆ ಒಳಗಿರೋದು ಸರಿ ಅಂತಲ್ಲ. ನಿಮಗೆ ಚೆನ್ನಾಗಿ ಗೊತ್ತಿರೋ ನಾಲ್ಕು ವಿಷಯ ಆ ಪುಸ್ತಕದಲ್ಲಿ ತೆಗೆದು ನೋಡಿ, ನಿಮ್ಮ ತಾಲ್ಲೂಕಿನ ಬಗ್ಗೆ ಏನು ಬರೆದಿದೆ ನೋಡಿ. ಅಲ್ಲೇ ತಪ್ಪಿದ್ರೆ ಉಳಿದದ್ದನ್ನ ನಂಬೋದು ಹೇಗೆ? ಪುಸ್ತಕ ಮಾರೋರು ಕೂಡ, ತಪ್ಪು ಹೊರಬಿದ್ರೆ ವಾಪಸ್ ತಗೋತೀರಾ ಅಂತ ಸಪ್ಲೈ ಮಾಡೋರನ್ನ ಮೊದಲೇ ಕೇಳಿಟ್ಟುಕೊಳ್ಳಿ. ನಾಳೆ ಗಿರಾಕಿ ಬಂದು ಜಗಳ ಆಡೋದು ನಿಮ್ಮ ಹತ್ತಿರ.

ನಾಲ್ಕು, ಬರೆಯೋರು. ಕರಡು, ಕೈಬರಹ, ತಿದ್ದಿದ ಪ್ರತಿ ಇಟ್ಟುಕೊಳ್ಳಿ. ಪ್ರಕಾಶಕರ ಜೊತೆ ಒಪ್ಪಂದಕ್ಕೆ ಸಹಿ ಹಾಕೋವಾಗ, ಎಐ ಕಲಿಕೆಗೆ ಕೊಡೋ ಹಕ್ಕು ಯಾರದ್ದು ಅನ್ನೋ ಒಂದು ಸಾಲು ಬರೆಸಿ.

ಗೊರೂರು, ಸಂತೇಶಿವರದ ಭೈರಪ್ಪ, ಬಾನು ಮುಷ್ತಾಕ್. ಒಬ್ಬರನ್ನೊಬ್ಬರು ಹೋಲದ ಈ ಮೂವರನ್ನ ಕೊಟ್ಟ ಜಿಲ್ಲೆ ಇದು. ಮೂವರಲ್ಲಿ ಯಾರ ಮಾತನ್ನ ನೀವು ಒಪ್ತೀರೋ ಬಿಡ್ತೀರೋ, ಬೈಯೋಕಾದ್ರೂ ಒಬ್ಬ ಮನುಷ್ಯ ಎದುರಿಗೆ ಇದ್ದರು. ಭೈರಪ್ಪನವರ ಕಾದಂಬರಿ ಓದಿ ಸಿಟ್ಟಾದವರು ಅವರಿಗೇ ಎದುರು ನಿಂತು ಕೇಳಬಹುದಿತ್ತು. ನಾಲ್ಕನೆಯವರು ಈಗ ಯಾವುದೋ ಹಳ್ಳಿ ಶಾಲೆಯಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೀತಿರಬಹುದು. ಅವರ ಮೊದಲ ಪುಸ್ತಕಕ್ಕೆ ಗ್ರಂಥಾಲಯದ ಕಪಾಟಿನಲ್ಲಿ ಜಾಗ ಇರಬೇಕು. ಮುಂದಿನ ಸಲ ಕಂದಾಯ ಕಟ್ಟೋಕೆ ಪುರಸಭೆಗೆ ಹೋದಾಗ ಸೆಸ್‌ನ ಸಾಲಿನ ಮೇಲೆ ಬೆರಳಿಟ್ಟು, ಈ ದುಡ್ಡಲ್ಲಿ ಯಾವ ಪುಸ್ತಕ ತಂದ್ರಿ ಅಂತ ಕೇಳಿ.